ತಾಂಜಾನಿಯಾಕ್ಕೆ ಹೊರಟ ಅಳಿಯ, ತಾಂಡೂರಿನ ತಕ್‌ಪಟ್ಟಿ

ನಮ್ಮ ಕಡೆಯಿಂದ ಪರದೇಶಕ್ಕೆ ಹೋಗುವವರು ಹೊಸಬರೇನಲ್ಲ. ನಾರಾಯಣಖೇಡದ ಬಸ್ ಸ್ಟ್ಯಾಂಡಿನಲ್ಲಿ ಒಂದು ತಾಸು ನಿಂತರೆ ದುಬೈ, ಮಸ್ಕತ್, ಸೌದಿ ಕಂಡು ಬಂದವರು ಒಬ್ಬರಾದರೂ ಸಿಗುತ್ತಾರೆ. ಅವರು ಹೋದದ್ದು ಹೊಟ್ಟೆಪಾಡಿಗೆ. ಸಾಲ ಮಾಡಿ, ಏಜೆಂಟನ ಕೈಗೆ ದುಡ್ಡು ಇಟ್ಟು, ಒಂದು ಬ್ಯಾಗು, ಒಂದು ಡಬ್ಬಿ ಉಪ್ಪಿನಕಾಯಿ ಹಿಡಿದುಕೊಂಡು ಹೋದರು. ಅಲ್ಲಿ ಹೇಗಿರಬೇಕು, ಏನು ಮಾಡಬೇಕು ಎಂದು ಅವರಿಗೆ ಯಾರೂ ಕೂಡಿಸಿಕೊಂಡು ಹೇಳಲಿಲ್ಲ.

ಈಗ ನಮ್ಮ ಮನೆಯಿಂದಲೂ ಒಬ್ಬ ಹೊರಟಿದ್ದಾನೆ. ನನ್ನ ಅಕ್ಕನ ಮಗ. ಬೆಂಗಳೂರಿನ ಕಂಪ್ಯೂಟರ್ ಕಂಪನಿಯೊಂದರಲ್ಲಿ ನೌಕರಿ. ಹೋಗುವುದು ಪೂರ್ವ ಆಫ್ರಿಕಾದ ತಾಂಜಾನಿಯಾಕ್ಕೆ, ಒಂದು ತಿಂಗಳ ಮಟ್ಟಿಗೆ. ದುಡಿಯಲಿಕ್ಕಲ್ಲ, ಸೇವೆಗೆ. ಅಲ್ಲಿಯ ರೈತರ ಸಹಕಾರ ಸಂಘವೊಂದಕ್ಕೆ ಗೋದಾಮಿನ ಲೆಕ್ಕ ಇಡುವ ಪದ್ಧತಿ ಮಾಡಿಕೊಡಬೇಕು. ಸಂಘದವರು ಒಂದು ಪೈಸೆ ಕೊಡುವಂತಿಲ್ಲ. ವಿಮಾನ, ವಸತಿ, ಊಟ ಎಲ್ಲ ಕಂಪನಿಯದೇ, ತಿಂಗಳ ಪಗಾರವೂ ನಡೆದೇ ಇರುತ್ತದೆ.

ಈ ಸುದ್ದಿ ಕೇಳಿ ನಮ್ಮ ಓಣಿಯ ಹಿರಿಯರೊಬ್ಬರು ನಕ್ಕರು. "ನಿಜಾಮನ ಕಾಲದಾಗ ನಮ್ಮ ಅಜ್ಜಗೋಳು ಬಿಟ್ಟಿ ಚಾಕರಿ ಮಾಡಿದ್ರು. ಈಗ ವಿಮಾನದಾಗ ಕೂಡಿಸಿ ಬಿಟ್ಟಿ ಮಾಡಸ್ತಾರೇನು?" ಎಂದರು. ನಗೆಯ ಮಾತು ನಗೆಯಲ್ಲೇ ಹೋಯಿತು. ಆದರೆ ಹುಡುಗನ ತಂದೆ, ಅಂದರೆ ನನ್ನ ಭಾವ, ನಗಲಿಲ್ಲ. ಅವರದು ತಾಂಡೂರು ಮಾರುಕಟ್ಟೆಯಲ್ಲಿ ಅಡತಿ ಅಂಗಡಿ. ತೊಗರಿಯೇ ಮುಖ್ಯ ಮಾಲು. ಅಳಿಯ ಹೋಗುವ ಬಾಬಾಟಿ ಎಂಬ ಊರಿನ ಸುತ್ತಲೂ ತೊಗರಿಯೇ ಬೆಳೆ ಎಂದು ಗೊತ್ತಾದ ದಿನ ಅವರು ಊಟದ ತಾಟು ಸರಿಸಿ ಕೇಳಿದರು: "ಆಫ್ರಿಕಾದ ತೊಗರಿ ಬಂದು ನಮ್ಮ ತೊಗರಿ ದರ ಬೀಳಸ್ತದ. ನನ್ನ ಮಗ ಹೋಗಿ ಅವರಿಗೇ ಹಿಸಾಬ ಬರದು ಕೊಡ್ತಾನಂತ. ಇದು ಯಾವ ನ್ಯಾಯ?"

ಈ ಲೇಖನ ಬರೆಯಲು ಆ ಪ್ರಶ್ನೆಯೇ ಕಾರಣ. ಹುಡುಗನ ತಯಾರಿ ಬೆಂಗಳೂರಿನಲ್ಲಿ ಅರ್ಧ ನಡೆಯಿತು, ಇನ್ನರ್ಧ ನಮ್ಮ ಈ ಗಡಿಯ ಮೂರು ಊರುಗಳಲ್ಲಿ ನಡೆಯಿತು.

ಹಳೆಯ ಚಾಲು, ಹೊಸ ರೂಪ

ಪರದೇಶಕ್ಕೆ ಸೇವೆಗೆ ಹೋಗುವ ಪದ್ಧತಿ ಇವತ್ತಿನದಲ್ಲ. ಅಮೆರಿಕ 1961ರಲ್ಲಿ ಪೀಸ್ ಕೋರ್ ಎಂಬ ಪಡೆ ಕಟ್ಟಿ ತನ್ನ ಯುವಕರನ್ನು ಬಡ ದೇಶಗಳಿಗೆ ಕಳಿಸಿತು. ಅವರು ನಮ್ಮ ದೇಶದಲ್ಲೂ 1976ರ ತನಕ ಇದ್ದರು. ದೊಡ್ಡ ಕಂಪನಿಗಳು ತಮ್ಮ ನೌಕರರನ್ನೇ ಹೀಗೆ ಕಳಿಸುವುದು ಆಮೇಲೆ ಬಂದದ್ದು. ಐಬಿಎಂ ಕಂಪನಿ 2008ರಲ್ಲಿ ಆರಂಭಿಸಿದ ಯೋಜನೆ ಇದರಲ್ಲಿ ಹೆಸರಾದದ್ದು. ಬೇರೆ ಬೇರೆ ದೇಶದ ಹತ್ತು ಹದಿನೈದು ನೌಕರರ ಒಂದು ತಂಡ, ನಾಲ್ಕು ವಾರದ ಕೆಲಸ, ಅದಕ್ಕೂ ಮೊದಲು ಮೂರು ತಿಂಗಳ ತಯಾರಿ. ಮೊದಲ ವರ್ಷ ತಂಡಗಳು ಹೋದ ದೇಶಗಳು ಆರು: ಘಾನಾ, ತಾಂಜಾನಿಯಾ, ಫಿಲಿಪ್ಪೀನ್ಸ್, ವಿಯೆಟ್ನಾಂ, ಟರ್ಕಿ, ರುಮೇನಿಯಾ. ಇದರಿಂದ ಕಂಪನಿಗೂ ಲಾಭವಿದೆ, ಅದನ್ನು ಮುಚ್ಚಿಡುವುದೇನಿಲ್ಲ. ನೌಕರ ಹೊಸ ನಾಡು ಕಾಣುತ್ತಾನೆ, ಹೊಸ ಮಾರುಕಟ್ಟೆ ತಿಳಿಯುತ್ತಾನೆ, ನಾಲ್ಕು ದೇಶದವರ ಜತೆ ಕೂಡಿ ಕೆಲಸ ಮಾಡಲು ಕಲಿಯುತ್ತಾನೆ.

ನಾಲ್ಕು ವಾರದ ಕೆಲಸಕ್ಕೆ ಹನ್ನೆರಡು ವಾರದ ತಯಾರಿ ಯಾಕೆ ಎಂದು ನಾನೂ ಕೇಳಿದೆ. ಒಕ್ಕಲುತನ ಮಾಡುವವನಿಗೆ ಇದು ಬೇಗ ತಿಳಿಯಬೇಕಿತ್ತು. ಬಿತ್ತುವುದು ಎರಡು ದಿನದ ಕೆಲಸ. ಹೊಲ ಹದ ಮಾಡುವುದು ಇಡೀ ಬೇಸಿಗೆಯ ಕೆಲಸ.

ಕಾಗದ, ಸೂಜಿ, ಚೀಲ

ಮೊದಲು ಕಾಗದದ ಮಾತು, ಯಾಕೆಂದರೆ ನಾಳೆ ನಿಮ್ಮ ಮನೆಯಿಂದಲೂ ಯಾರಾದರೂ ಹೊರಟಾರು. ಸಂಬಳ ತೆಗೆದುಕೊಳ್ಳದ ಸೇವೆಯಾದರೂ ಪ್ರವಾಸಿ ವೀಸಾದ ಮೇಲೆ ಹೋಗಿ ಕೆಲಸ ಮಾಡುವಂತಿಲ್ಲ. ಅದಕ್ಕೆ ತಕ್ಕ ಪರವಾನಗಿಯೇ ಬೇಕು. ಈ ಕೆಲಸ ಕಂಪನಿಯವರು ಮಾಡಿಸಿದರು.

ಎರಡನೆಯದು ಹಳದಿ ಜ್ವರದ ಲಸಿಕೆ. ಈ ರೋಗವಿರುವ ದೇಶಗಳ ಮೇಲಿಂದ ಹಾದು ಬರುವವರಿಗೆ ಇದರ ಚೀಟಿ ಕೇಳುತ್ತಾರೆ. ಅಳಿಯನ ವಿಮಾನ ನೈರೋಬಿಯಲ್ಲಿ ಬದಲಾಗುತ್ತದೆ. ಸೂಜಿ ಹಾಕಿಸಿಕೊಂಡು ಹತ್ತು ದಿನ ಕಳೆದ ಮೇಲಷ್ಟೇ ಆ ಚೀಟಿ ಚಾಲ್ತಿಗೆ ಬರುತ್ತದೆ. ಕೊನೆಯ ವಾರದಲ್ಲಿ ಓಡಾಡಿದರೆ ಉಪಯೋಗವಿಲ್ಲ. ಚೀಟಿ ಇಲ್ಲದೆ ತಿರುಗಿ ಬಂದರೆ ನಮ್ಮ ದೇಶದಲ್ಲೇ ಆರು ದಿನ ಪ್ರತ್ಯೇಕ ಇಡುವ ಕಾನೂನಿದೆ. ಹೈದರಾಬಾದಿನ ನಾರಾಯಣಗುಡದ ಸರ್ಕಾರಿ ಸಂಸ್ಥೆಯಲ್ಲಿ ಈ ಲಸಿಕೆ ಹಾಕುತ್ತಾರೆ. ಒಮ್ಮೆ ಹಾಕಿಸಿದರೆ ಆ ಚೀಟಿ ಜೀವಮಾನಕ್ಕೆ ನಡೆಯುತ್ತದೆ ಎಂದು 2016ರಿಂದ ನಿಯಮವಾಗಿದೆ. ಮಲೇರಿಯಾ ಗುಳಿಗೆಯ ಬಗ್ಗೆ ವೈದ್ಯರನ್ನೇ ಕೇಳಬೇಕು.

ಮೂರನೆಯದು ಚೀಲ. ಅಕ್ಕ ಪ್ಲಾಸ್ಟಿಕ್ ಕ್ಯಾರಿ ಬ್ಯಾಗಿನಲ್ಲಿ ಶೇಂಗಾ ಹಿಂಡಿ, ಖಡಕ್ ರೊಟ್ಟಿ ಕಟ್ಟುತ್ತಿದ್ದಳು. ತಾಂಜಾನಿಯಾದಲ್ಲಿ 2019ರ ಜೂನ್ 1ರಿಂದ ಆ ಚೀಲ ಬಂದ್ ಎಂದು ಅಳಿಯ ಹೇಳಿದ. ಅಕ್ಕ ಹಳೆಯ ಧೋತರದ ಗಂಟು ಬಿಚ್ಚಿ ಬಟ್ಟೆಚೀಲ ಹೊಲಿದಳು. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಒಂದು ಹಿಡಿ ಬೀಜ ಒಯ್ದು ತೋರಿಸಲಿ ಎಂಬ ಆಸೆ ನನಗಿತ್ತು. ಅದಕ್ಕೂ ತಡೆ ಬಂತು. ರೋಗ, ಹುಳ ದಾಟಬಾರದೆಂದು ಸರ್ಕಾರದ ಪ್ರಮಾಣ ಪತ್ರವಿಲ್ಲದೆ ಬೀಜ ಗಡಿ ದಾಟುವಂತಿಲ್ಲ. ಖರೆ ಮಾತೇ. ಗಡಿಯವರು ನಾವು, ಗಡಿಯ ಕಾನೂನಿಗೆ ಯಾಕೆ ಬೇಸರ ಪಡಬೇಕು?

ಅರ್ಧ ಗೊತ್ತಿದ್ದ ಭಾಷೆ

ಕಂಪನಿಯವರು ಸ್ವಾಹಿಲಿ ಭಾಷೆಯ ಪಾಠ ಕಳಿಸಿದ್ದರು. ಅಳಿಯ ಒಂದು ರವಿವಾರ ನಮ್ಮ ಅಟ್ಟದ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದ. "ದುಕಾ" ಎಂದರೆ ಅಂಗಡಿ. "ಹೆಸಾಬು" ಎಂದರೆ ಲೆಕ್ಕ. "ಸೆರಿಕಾಲಿ" ಎಂದರೆ ಸರ್ಕಾರ. "ದಾವಾ" ಎಂದರೆ ಔಷಧ. "ಹಬಾರಿ" ಎಂದರೆ ಸುದ್ದಿ. "ಸಾಬುನಿ", "ಕಲಾಮು", "ವಕೀಲಿ", "ಬೀಮಾ", "ರಂಗಿ", "ದುನಿಯಾ", "ಮಸ್ಕಿನಿ".

ಕೆಳಗೆ ಎಮ್ಮೆಗೆ ಮೇವು ಹಾಕುತ್ತಿದ್ದ ನಾನು ಮೇಲೆ ಬಂದು ಕೇಳಿದೆ, "ಏನೋ, ಉರ್ದು ಓದಲಿಕ್ಕ ಹತ್ತೀಯೇನು?"

"ಇಲ್ಲ ಮಾಮಾ, ಸ್ವಾಹಿಲಿ" ಎಂದ.

ಅರಬ್ಬಿ, ಫಾರ್ಸಿ ಶಬ್ದಗಳು ಒಂದು ಕಡೆ ಹಡಗು ಹತ್ತಿ ಆಫ್ರಿಕಾದ ದಂಡೆಗೆ ಹೋದವು, ಇನ್ನೊಂದು ಕಡೆ ದಖ್ಖನಿಗೆ ಬಂದು ನಮ್ಮ ಕಚೇರಿ, ಸಂತೆ ಸೇರಿದವು. 1956ರ ತನಕ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಕಚೇರಿಯ ಭಾಷೆ ಮೊದಲು ಉರ್ದು, ಆಮೇಲೆ ತೆಲುಗು, ಮನೆಯ ಭಾಷೆ ಕನ್ನಡ. ಮೂರು ಭಾಷೆಯ ನಡುವೆ ಬೆಳೆದವನಿಗೆ ನಾಲ್ಕನೆಯದರ ಅರ್ಧ ಮೊದಲೇ ಗೊತ್ತಿತ್ತು ಎಂದಾಯಿತು. ಕನ್ನಡ ಶಾಲೆ ಓದಿದರೆ ಏನು ಸಿಗುತ್ತದೆ ಎಂದು ಕೇಳುವ ನಮ್ಮ ಗಡಿಯ ತಂದೆ ತಾಯಂದಿರು ಇದನ್ನೂ ಎಣಿಸಲಿ.

ಆದರೆ ಗೊತ್ತಿದೆ ಎನ್ನುವ ಕಡೆಯೇ ಎಡವುವುದು. ಸ್ವಾಹಿಲಿಯಲ್ಲಿ ತಾಸು ಎಣಿಸುವುದು ಹೊತ್ತು ಹುಟ್ಟಿದ ಮೇಲಿಂದ. ನಮ್ಮ ಬೆಳಗಿನ ಏಳು ಗಂಟೆ ಅವರ ಒಂದು ಗಂಟೆ. "ಸಾ ತಾತು", ಅಂದರೆ ಮೂರು ಗಂಟೆಗೆ ಸಭೆ ಎಂದು ರೈತರು ಹೇಳಿದರೆ ಅದು ಬೆಳಗಿನ ಒಂಬತ್ತು. ಗಡಿಯಾರ ನೋಡಿ ಮಧ್ಯಾಹ್ನ ಮೂರಕ್ಕೆ ಹೋದವನಿಗೆ ಖಾಲಿ ಗೋದಾಮು ಸಿಗುತ್ತದೆ. ಹಿರಿಯರು ಎದುರಾದರೆ "ಶಿಕಾಮೋ" ಎನ್ನಬೇಕು, ಅವರು "ಮರಹಬಾ" ಎಂದು ಒಪ್ಪಿಕೊಂಡ ಮೇಲೆ ಮುಂದಿನ ಮಾತು. ನಮ್ಮಲ್ಲಿ ಹಿರಿಯರಿಗೆ ಶರಣು ಎನ್ನದೆ ನೆಟ್ಟಗೆ ದರ ಕೇಳಿದರೆ ಮುಖ ತಿರುಗಿಸುವುದಿಲ್ಲವೆ? ಹಾಗೆಯೇ.

ನಾನು ಹೇಳದೆ ಬಿಟ್ಟ ಮಾತು

ಇಲ್ಲಿಯ ತನಕ ಹೇಳಿದ್ದು ಪುಸ್ತಕದಲ್ಲೂ ಸಿಗುತ್ತದೆ. ಇನ್ನು ಹೇಳುವುದನ್ನು ಅಳಿಯನಿಗೂ ಮೊದಲ ಸಲ ಹೇಳಿದ್ದು.

1997ರ ಬೇಸಿಗೆ. ನಮ್ಮ ಪಕ್ಕದ ಹಳ್ಳಿಗೆ ಪರದೇಶದ ಸ್ವಯಂಸೇವಕರ ಒಂದು ತಂಡ ಬಂದಿತ್ತು. ಒಳ್ಳೆಯ ಹುಡುಗ ಹುಡುಗಿಯರು. ಬಿಸಿಲಲ್ಲಿ ತಾವೇ ಕಲ್ಲು ಹೊತ್ತರು. ಊರಿಗೆ ಬೀಜ ಇಡುವ ಒಂದು ಕೋಣೆ ಕಟ್ಟಿಕೊಡುವುದು ಅವರ ಯೋಜನೆ. ಅವರ ಇಂಗ್ಲಿಷನ್ನು ಹೈದರಾಬಾದಿನ ಹುಡುಗನೊಬ್ಬ ತೆಲುಗಿಗೆ ಮಾಡುತ್ತಿದ್ದ. ಆ ಊರಿನ ಹೆಂಗಸರಿಗೆ ಕನ್ನಡವೇ ಸಲೀಸು. ಹಾಗಾಗಿ ತೆಲುಗಿನಿಂದ ಕನ್ನಡಕ್ಕೆ, ಕನ್ನಡದಿಂದ ತೆಲುಗಿಗೆ ನಾನು. ಆಗ ನನ್ನ ಕವಿತೆ ನಾಲ್ಕು ಪತ್ರಿಕೆಯಲ್ಲಿ ಬಂದಿದ್ದವು, ಎರಡು ಭಾಷೆ ಬಲ್ಲವ ಎಂಬ ಹಮ್ಮು ಇತ್ತು.

ಜಾಗ ನೋಡುವ ದಿನ ಒಬ್ಬ ಮುದುಕಿ ಹಿಂದೆ ನಿಂತವಳು ನನ್ನ ತೋಳು ಹಿಡಿದು ಹೇಳಿದಳು: "ಅಲ್ಲಿ ಬ್ಯಾಡ ಅನ್ನು ತಮ್ಮಾ. ದೊಡ್ಡ ಮಳಿ ಬಂದ್ರ ಅಲ್ಲಿ ನೀರು ಜಿನಗ್ತದ." ಆ ಹೊತ್ತಿಗೆ ಹಗ್ಗ ಎಳೆದು ಸುಣ್ಣ ಹಾಕಿ ಆಗಿತ್ತು. ಬಂದವರು ಖುಷಿಯಲ್ಲಿದ್ದರು. ಅಜ್ಜಿ ಏನು ಹೇಳಿದಳು ಎಂದು ಕೇಳಿದರು. ದೂರದಿಂದ ಬಂದ ಅತಿಥಿಗಳ ಮನಸ್ಸು ಯಾಕೆ ಮುರಿಯಲಿ ಎಂದುಕೊಂಡೆ. "ಅವ್ವಗ ಭಾಳ ಸಂತೋಷ ಆಗ್ಯಾದಂತ" ಎಂದು ತೆಲುಗಿನಲ್ಲಿ ಹೇಳಿಬಿಟ್ಟೆ. ಎಲ್ಲರೂ ಚಪ್ಪಾಳೆ ಹೊಡೆದರು. ಮುದುಕಿ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.

ಮರುವರ್ಷದ ಮಳೆಗೆ ಕೋಣೆಯ ನೆಲ ಜಿನುಗಿತು. ಚೀಲದೊಳಗಿನ ಬೀಜ ಮುಗ್ಗು ಹಿಡಿಯಿತು, ತಳದ ಚೀಲಗಳಲ್ಲಿ ಮೊಳಕೆ ಒಡೆಯಿತು. ಅದರಲ್ಲಿ ಆ ಮುದುಕಿಯ ತೊಗರಿಯೂ ಇತ್ತು. ಕಟ್ಟಿದವರು ಆಗ ಸಾವಿರಾರು ಮೈಲು ದೂರ. ಅವರನ್ನು ಬೈದವರು ಬಹಳ. ನನ್ನನ್ನು ಯಾರೂ ಬೈಯಲಿಲ್ಲ, ಯಾಕೆಂದರೆ ಯಾರಿಗೂ ಗೊತ್ತಿರಲಿಲ್ಲ. ಮುದುಕಿ ಒಬ್ಬಳಿಗೆ ಗೊತ್ತಿತ್ತು. ಸಂತೆಯಲ್ಲಿ ಸಿಕ್ಕಾಗ ಒಂದೇ ಮಾತು ಅಂದಳು: "ನಿನಗ ಎರಡು ಭಾಷಿ ಬರ್ತಾವಂತ ನಿನ್ನ ಕಡಿ ಹೇಳಿದ್ದೆ."

ಆಕೆ ತೀರಿಕೊಂಡು ವರ್ಷಗಳಾದವು. ಆ ಮಾತು ನನ್ನ ಹತ್ತಿರ ಉಳಿದಿದೆ.

ಅಳಿಯನಿಗೆ ಹೇಳಿದೆ: "ಅಲ್ಲಿ ನಿನಗೂ ಒಬ್ಬ ದುಭಾಷಿ ಇರ್ತಾನ. ಒಳ್ಳೆಯವನೇ ಇರ್ತಾನ. ನನ್ನಂಗ ಮರ್ಯಾದಿ ಇದ್ದವ ಇದ್ರ ಇನ್ನೂ ಹುಷಾರ್ ಇರು. ಬ್ಯಾಡ ಅನ್ನೋ ಮಾತು ನಿನ್ನ ತನಕ ಬರಲಿಕ್ಕಿಲ್ಲ. ನಿನಗ ಎಲ್ಲಾರೂ ಹೌದು ಹೌದು ಅಂದ ದಿನ ಕೆಲಸ ನಿಲ್ಲಿಸು. ಹಿಂದ ಯಾರು ಸುಮ್ಮನ ನಿಂತಾರ ನೋಡು. ಅವರ ಹೊಲಕ್ಕ ಹೋಗು, ಎರಡನೇ ಸಲ ಬ್ಯಾರೆಯವರ ಬಾಯಿಂದ ಕೇಳು."

ಕೇಳಲಿಕ್ಕೆ ಹೋದವರು

ಹೀಗೆ ಕೇಳುವುದನ್ನು ಕಲಿಯಲು ಆಫ್ರಿಕಾಕ್ಕೇ ಹೋಗಬೇಕಿಲ್ಲ. ಅವನನ್ನು ಜಹೀರಾಬಾದಿನ ಹತ್ತಿರದ ಪಸ್ತಾಪುರಕ್ಕೆ ಕರೆದುಕೊಂಡು ಹೋದೆ. 1983ರಲ್ಲಿ ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನದಲ್ಲಿ ಕೆಲಸ ಮಾಡಿದವರು, 2023ರ ಮಾರ್ಚಿನಲ್ಲಿ ತೀರಿಕೊಂಡರು. ಆ ಸಂಘಗಳ ದಲಿತ ಹೆಣ್ಣುಮಕ್ಕಳು ಸಾಮೆ, ನವಣೆ, ಜೋಳದ ಬೀಜ ಉಳಿಸಿದರು. ಓದು ಬಾರದವರು ಕ್ಯಾಮೆರಾ ಹಿಡಿದರು. 2008ರಲ್ಲಿ ತಮ್ಮದೇ ಸಂಗಂ ರೇಡಿಯೋ ಆರಂಭಿಸಿದರು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಅವರ ಸೊಸೈಟಿಗೆ ಬಂತು.

ಅವರಲ್ಲಿ ಕೆಲವರು ಬಿಟಿ ಹತ್ತಿಯ ಕಥೆ ಕೇಳಲು ದಕ್ಷಿಣ ಆಫ್ರಿಕಾ, ಮಾಲಿ ದೇಶಗಳ ತನಕ ಕ್ಯಾಮೆರಾ ಒಯ್ದವರು. ಬುದ್ಧಿ ಹೇಳಲಿಕ್ಕೆ ಹೋದವರಲ್ಲ. ಒಬ್ಬ ರೈತ ಇನ್ನೊಬ್ಬ ರೈತನನ್ನು ಏನು ಕೇಳಬೇಕೋ ಅದನ್ನು ಕೇಳಿ ಬಂದರು. ಎಷ್ಟು ಖರ್ಚು, ಎಷ್ಟು ಬಂತು, ಸಾಲ ಯಾರದು. ನಮ್ಮ ಹುಡುಗ ಡಿಗ್ರಿ ಮಾಡಿದವನು, ಆ ಹಾದಿಯಲ್ಲಿ ಅವರಿಗಿಂತ ಕಿರಿಯ.

ದರ ಬೀಳಿಸಿದವರು ಯಾರು?

ಇನ್ನು ಭಾವನ ಪ್ರಶ್ನೆ. ಅದಕ್ಕೆ ಉತ್ತರ ಹುಡುಕದೆ ಹುಡುಗ ಹೋಗಿದ್ದರೆ ತಯಾರಿ ಅರ್ಧವೇ ಆಗುತ್ತಿತ್ತು.

ತಾಂಡೂರು, ಸೇಡಂ, ಕಲಬುರಗಿಯ ವ್ಯಾಪಾರಸ್ಥರಿಗೆ ಈ ಲೆಕ್ಕ ಬಾಯಿಪಾಠ. 2015ರಲ್ಲಿ ಶಹರಗಳಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. 2016ರ ಜುಲೈಯಲ್ಲಿ ಮೊಜಾಂಬಿಕ್ ಜತೆ ಆಮದು ಒಪ್ಪಂದ ಆಯಿತು. ಅದೇ ವರ್ಷ ನಮ್ಮಲ್ಲಿ ತೊಗರಿ ಬಂಪರ್ ಬಂತು. ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಲಿಗೆ 5,050 ರೂಪಾಯಿ ಇದ್ದರೂ ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಕೆಳಗೆ ಇಳಿಯಿತು. ಖರೀದಿ ಕೇಂದ್ರದ ಮುಂದೆ ರಾತ್ರಿ ಮಲಗಿದವರಲ್ಲಿ ನಾನೂ ಒಬ್ಬ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿತು. ಆಗ ನಾವು ಉಸಿರು ಬಿಟ್ಟೆವು.

ಅಳಿಯ ತಯಾರಿಯ ಪಾಠ ಓದುವಾಗ ಇದರ ಇನ್ನೊಂದು ಮಗ್ಗಲು ಕಂಡ. ತಾಂಜಾನಿಯಾದಲ್ಲಿ ತೊಗರಿಗೆ "ಎಂಬಾಜಿ" ಎನ್ನುತ್ತಾರೆ. ಮೆಕ್ಕೆಜೋಳದ ಸಾಲಿನ ನಡುವೆ ಬಿತ್ತುತ್ತಾರೆ. ಆಫ್ರಿಕಾದ ಹೊಸ ಮಾಲು ನಮ್ಮ ಬಂದರು ಮುಟ್ಟುವುದು ಆಗಸ್ಟ್ ಸೆಪ್ಟೆಂಬರ್ ಮೇಲೆ, ಅಂದರೆ ನಮ್ಮ ರಾಶಿಗೆ ಮೂರು ನಾಲ್ಕು ತಿಂಗಳು ಮೊದಲು. ಅವರಿಗೆ ದೊಡ್ಡ ಗಿರಾಕಿ ಎಂದರೆ ಭಾರತವೇ. ನಾವು ಉಸಿರು ಬಿಟ್ಟ ಅದೇ ಆಗಸ್ಟಿನಲ್ಲಿ ಅವರ ರಾಶಿ ಹೊಲದಲ್ಲಿತ್ತು, ಕೊಳ್ಳುವವರಿಲ್ಲದೆ ದರ ನೆಲ ಕಚ್ಚಿತು. 2021ರ ಮೇ ತಿಂಗಳಲ್ಲಿ ಆಮದು ಮತ್ತೆ ತೆರೆಯಿತು. ಅವರು ಉಸಿರು ಬಿಟ್ಟರು, ನಮ್ಮವರ ಎದೆ ಹಾರಿತು.

ಭಾವ ಸುಮ್ಮನೆ ಕೇಳಿದರು. ನಾನು ಹೇಳಿದೆ: "ಬಾವಾ, ಬಾಬಾಟಿಯ ರೈತ ನಮ್ಮ ದರ ಬೀಳಿಸ್ಲಿಲ್ಲ. ನಾವೂ ಅವನ ದರ ಬೀಳಿಸ್ಲಿಲ್ಲ. ಎರಡೂ ಕಡಿ ಹೊಡತ ಬಿದ್ದದ್ದು ಕಾಗದದ ಮ್ಯಾಲಿನ ಒಂದು ಸಹಿಯಿಂದ." ಅವರು ಪೂರಾ ಒಪ್ಪಲಿಲ್ಲ. "ಸಹಿ ಯಾರದೇ ಇರಲಿ, ಮಾಲು ಬಂದಾಗ ದರ ಬೀಳೂದು ನನ್ನ ಅಂಗಡಿಯಾಗ" ಎಂದರು. ಅದೂ ಸುಳ್ಳಲ್ಲ. ಬೆಂಬಲ ಬೆಲೆ 2025-26ಕ್ಕೆ 8,000 ರೂಪಾಯಿ ಆಗಿದೆ. ಆದರೆ ಕಾಗದದ ಬೆಲೆ ಬೇರೆ, ಕಾಟಾದ ಮುಂದಿನ ಬೆಲೆ ಬೇರೆ ಎಂದು ತಾಂಡೂರಿನವರಿಗೆ ನಾನು ಹೇಳಬೇಕಿಲ್ಲ. ಈ ವಾದ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಮೂರು ದಿನದ ಶಾಲೆ

ಆದರೂ ಭಾವ ಒಂದು ಕೆಲಸ ಮಾಡಿದರು. "ಹಿಸಾಬ ಕಲಸಲಿಕ್ಕ ಹೊಂಟವ ಮೊದಲ ಹಿಸಾಬ ನೋಡಲಿ" ಎಂದು ಮಗನನ್ನು ಮೂರು ದಿನ ಅಂಗಡಿಯಲ್ಲಿ ಕೂಡಿಸಿದರು. ಹುಡುಗ ಅಡತಿ ಮನೆತನದಲ್ಲೇ ಹುಟ್ಟಿದವನು. ಆದರೆ ಹಾಸ್ಟೆಲಿನಲ್ಲಿ ಬೆಳೆದವನು. ಬಂಡಿ ಬಂದು ನಿಂತಲ್ಲಿಂದ ದುಡ್ಡು ಕೈಸೇರುವ ತನಕ ಒಂದು ಚೀಲ ಎಷ್ಟು ಕೈ ದಾಟುತ್ತದೆ ಎಂದು ಅವನು ಕೂತು ನೋಡಿದ್ದು ಇದೇ ಮೊದಲು. ತೇವ ನೋಡುವುದು, ಹರಾಜು, ಕಾಟಾ, ಹಮಾಲಿ, ಚೀಲದ ಕಡತ, ಕೊನೆಗೆ ತಕ್‌ಪಟ್ಟಿ. ತೂಕವಾದ ಮೇಲೆ ರೈತನ ಕೈಗೆ ಬರುವ ಆ ಚೀಟಿಯೇ ಅವನ ಒಂದು ವರ್ಷದ ದುಡಿಮೆಯ ಸಾಕ್ಷಿ.

ಎರಡನೆಯ ದಿನ ಒಬ್ಬ ರೈತ ಚೀಟಿ ಓದಿಸಿಕೊಳ್ಳಲು ಇವನ ಹತ್ತಿರ ಬಂದ. ಅಂಗಡಿಯವರು ಹೇಳಿದ ಮೊತ್ತವೇ ಅದರಲ್ಲಿತ್ತು, ಮೋಸವೇನಿರಲಿಲ್ಲ. ಆದರೂ ಅವನು ಅಂಗಡಿಯ ಹೊರಗಿನವರಿಂದ ಒಮ್ಮೆ ಕೇಳಬೇಕೆಂದಿದ್ದ. ಆ ರಾತ್ರಿ ಅಳಿಯ ತನ್ನ ಕೆಲಸದ ಪತ್ರ ತೆಗೆದು ತಿದ್ದಿದ. ಲೆಕ್ಕವೆಲ್ಲ ಕಂಪ್ಯೂಟರಿನಲ್ಲೇ ಎಂದು ಮೊದಲು ಬರೆದಿದ್ದ. ಈಗ ಮೊದಲ ವಾರ ಕಂಪ್ಯೂಟರ್ ತೆರೆಯುವುದಿಲ್ಲ, ಗೋದಾಮಿನ ಬಾಗಿಲಲ್ಲಿ ಕೂತು ನೋಡುವುದು ಎಂದು ಬರೆದ. ರೈತನ ಕೈಗೆ ಅವನದೇ ಭಾಷೆಯ ಕಾಗದದ ಚೀಟಿ ಬರಬೇಕು ಎಂದು ಸೇರಿಸಿದ. ಕರೆಂಟು ಹೋದರೂ, ತಾನು ತಿರುಗಿ ಬಂದ ಮೇಲೂ, ಅಲ್ಲಿಯ ಗುಮಾಸ್ತ ಒಬ್ಬನೇ ನಡೆಸುವಂತಿರಬೇಕು ಎಂದೂ ಬರೆದ. ತಂಡದ ಉಳಿದವರು ಫೋನಿನಲ್ಲಿ ಒಂದು ತಾಸು ವಾದ ಮಾಡಿ ಒಪ್ಪಿದರಂತೆ.

ಬರುವ ಅಮಾವಾಸ್ಯೆ ದಾಟಿದ ಮೇಲೆ ಹೊರಡುವುದು. ಅದು ಅಕ್ಕನ ಹಟ, ಕಂಪನಿಯವರ ತಾರೀಖೂ ಅದಕ್ಕೆ ಕೂಡಿ ಬಂತು. ಮೊನ್ನೆ ಭಾವ ಕಪಾಟಿನಿಂದ ಒಂದು ಹಳೆಯ ತಕ್‌ಪಟ್ಟಿ ಬುಕ್ಕು ತೆಗೆದು ಮಗನ ಬಟ್ಟೆಚೀಲದಲ್ಲಿ ಇಟ್ಟರು. ಕಾರ್ಬನ್ ಹಾಳೆಯ ಕಾಲದ್ದು, ಅರ್ಧ ಬರೆದದ್ದು, ಅರ್ಧ ಖಾಲಿ.

"ಹಮಾಲಿ ಎಷ್ಟು, ಕಾಟಾ ಎಷ್ಟು, ಎಲ್ಲಾ ಬ್ಯಾರೆ ಬ್ಯಾರೆ ಬರದದ ಇದರಾಗ. ಅವರಿಗೆ ಇದನ್ನ ಕಲಸು" ಎಂದರು. ಬಾಗಿಲ ತನಕ ಹೋದವರು ತಿರುಗಿ ನಿಂತರು. "ಅಲ್ಲ, ಮೊದಲ ಅವರದು ಹ್ಯಾಂಗದ ಕೇಳು. ಆಮ್ಯಾಲೆ ಇದನ್ನ ತೋರಸು."